ಕಸ್ತೂರಿ, ಮಾದಲ, ಚಂದನ: ಇಸ್ಲಾಮೀ ಇತಿಹಾಸದಲ್ಲಿ ಸುಗಂಧದ ಸ್ವಭಾವ

ಕಣ್ಣನ್ನು ಮುಚ್ಚಿಕೊಳ್ಳಬಹುದು, ಕಿವಿಗೆ ಬೆರಳಿಟ್ಟುಕೊಳ್ಳಬಹುದು. ಆದರೆ ಉಸಿರಾಡುವವರೆಗೆ ವಾಸನೆಯಿಂದ ತಪ್ಪಿಸಿಕೊಳ್ಳಲಾಗದು. ನಾವು ಹಚ್ಚಿಕೊಂಡ ಪರಿಮಳವನ್ನು ನಮಗಿಂತ ಹೆಚ್ಚಾಗಿ ಅನುಭವಿಸುವವರು ನಮ್ಮ ಪಕ್ಕದಲ್ಲಿ ನಿಂತವರು. ಸ್ವಲ್ಪ ಹೊತ್ತಿಗೆ ನಮ್ಮ ಮೂಗು ಅದಕ್ಕೆ ಒಗ್ಗಿ ಸುಮ್ಮನಾಗುತ್ತದೆ. ಪಕ್ಕದವರ ಮೂಗು ಹಾಗಲ್ಲ. ಆದ್ದರಿಂದ ಸುಗಂಧವೆಂಬುದು ಖಾಸಗಿ ಅಲಂಕಾರ ಮಾತ್ರವಲ್ಲ, ಅದರೊಳಗೆ ಇನ್ನೊಬ್ಬರ ಹಕ್ಕಿನ ಪ್ರಶ್ನೆಯೂ ಅಡಗಿದೆ.

ಇಂದು ಯುವಕರು ಹೆಚ್ಚು ಮೆಚ್ಚುವ ಪರ್ಫ್ಯೂಮ್‌ಗಳಲ್ಲಿ ಒಂದು ಬಗೆಯಿದೆ. ಮುಚ್ಚಳ ತೆರೆದೊಡನೆ ಕಿತ್ತಳೆ, ನಿಂಬೆ ಜಾತಿಯ ಹಣ್ಣುಗಳ ಸಿಪ್ಪೆಯನ್ನು ಚಿವುಟಿದಂತಹ ಚುರುಕಾದ ವಾಸನೆ. ಅದರ ಹಿಂದೆಯೇ ಮೆಣಸು, ಶುಂಠಿ, ಏಲಕ್ಕಿ, ಲವಂಗಗಳ ಘಾಟು. ಕೊನೆಗೆ ಬಟ್ಟೆಯಲ್ಲಿ ಉಳಿಯುವುದು ಗಂಧ, ಊದ್ ಮುಂತಾದ ಮರಗಳ ಗಂಭೀರ ಪರಿಮಳ. ಮಾರುವವರು ಇದನ್ನು ದಿಟ್ಟ ಪುರುಷನ ಪರಿಮಳವೆಂದು ಬಣ್ಣಿಸುತ್ತಾರೆ. ಹಣ್ಣು, ಮಸಾಲೆ, ಮರ ಎಂಬ ಈ ಮೂರರ ಸಂಗಮವನ್ನು ಪಾಶ್ಚಾತ್ಯ ಕಂಪೆನಿಗಳ ಆವಿಷ್ಕಾರವೆಂದು ಭಾವಿಸುವವರೇ ಹೆಚ್ಚು. ಆದರೆ ಈ ಮೂರಕ್ಕೂ ಇಸ್ಲಾಮೀ ಇತಿಹಾಸದಲ್ಲಿ ಶತಮಾನಗಳ ನಂಟಿದೆ, ಆ ನಂಟಿನ ದಾರಿ ನಮ್ಮ ಕನ್ನಡ ಕರಾವಳಿಯ ಮೂಲಕವೂ ಹಾದುಹೋಗಿದೆ. ಸುಗಂಧಕ್ಕೆ ಸ್ವಭಾವವೊಂದಿದ್ದರೆ ಆ ಸ್ವಭಾವ ಯಾವುದಾಗಿರಬೇಕು ಎಂಬ ಪ್ರಶ್ನೆಗೂ ಈ ಇತಿಹಾಸದಲ್ಲಿ ಉತ್ತರವಿದೆ.

ಮದೀನಾದ ಮಸೀದಿಯಲ್ಲಿ

ಪ್ರವಾದಿವರ್ಯರಿಗೆ(ಸ) ಸುಗಂಧವು ಅತ್ಯಂತ ಪ್ರಿಯವಾಗಿತ್ತೆಂಬುದು ಹದೀಸ್ ಗ್ರಂಥಗಳನ್ನು ಓದಿದವರಿಗೆಲ್ಲ ತಿಳಿದಿದೆ. ಈ ಲೋಕದ ವಸ್ತುಗಳಲ್ಲಿ ತಮಗೆ ಪ್ರಿಯಗೊಳಿಸಲಾದವುಗಳ ಸಾಲಿನಲ್ಲಿ ಅವರು ಸುಗಂಧವನ್ನು ಹೆಸರಿಸಿದರು, ಅದೇ ಮಾತಿನಲ್ಲಿ ನಮಾಝನ್ನು ತಮ್ಮ ಕಣ್ಣಿನ ತಂಪೆಂದು ಕರೆದರು. ಯಾರಾದರೂ ಸುಗಂಧವನ್ನು ಉಡುಗೊರೆಯಾಗಿ ಕೊಟ್ಟರೆ ಪ್ರವಾದಿವರ್ಯರು(ಸ) ಅದನ್ನು ನಿರಾಕರಿಸುತ್ತಿರಲಿಲ್ಲವೆಂದು ಹ. ಅನಸ್(ರ) ವರದಿ ಮಾಡಿದ್ದಾರೆ. ತಮಗೆ ದೊರೆತ ಅತ್ಯುತ್ತಮ ಸುಗಂಧವನ್ನು ಅವರಿಗೆ ಹಚ್ಚುತ್ತಿದ್ದೆನೆಂದೂ ಅದರ ಹೊಳಪು ಅವರ ತಲೆಯಲ್ಲೂ ಗಡ್ಡದಲ್ಲೂ ಕಾಣುತ್ತಿತ್ತೆಂದೂ ಹ. ಆಯಿಶಾ(ರ) ನೆನಪಿಸಿಕೊಳ್ಳುತ್ತಾರೆ. ಹ. ಇಬ್ನು ಉಮರ್(ರ) ಊದ್ ಮರದ ಚೆಕ್ಕೆಯನ್ನು ಕೆಲವೊಮ್ಮೆ ಏನೂ ಬೆರೆಸದೆ, ಕೆಲವೊಮ್ಮೆ ಕರ್ಪೂರದೊಂದಿಗೆ ಕೆಂಡದ ಮೇಲಿಟ್ಟು ಧೂಪ ಹಾಕಿಕೊಳ್ಳುತ್ತಿದ್ದರು, ಪ್ರವಾದಿವರ್ಯರು(ಸ) ಹೀಗೆಯೇ ಮಾಡುತ್ತಿದ್ದರೆಂದು ಹೇಳುತ್ತಿದ್ದರು.

ಆದರೆ ಸುಗಂಧದ ಸುನ್ನತ್ತಿಗೆ ಹಿನ್ನೆಲೆಯಾದ ಇನ್ನೊಂದು ಚಿತ್ರವನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ಮದೀನಾದ ಆರಂಭದ ದಿನಗಳಲ್ಲಿ ಸಹಾಬಿಗಳಲ್ಲಿ ಹೆಚ್ಚಿನವರು ಶ್ರಮಜೀವಿಗಳು. ತೋಟಗಳಲ್ಲಿ ದುಡಿದು, ಬೆನ್ನ ಮೇಲೆ ಭಾರ ಹೊತ್ತು, ಒರಟು ಉಣ್ಣೆಯ ಬಟ್ಟೆಯಲ್ಲೇ ಅವರು ಜುಮಾಕ್ಕೆ ಬರುತ್ತಿದ್ದರು. ಮಸೀದಿ ಕಿರಿದಾಗಿತ್ತು, ಛಾವಣಿ ತಗ್ಗಾಗಿತ್ತು. ಬೇಸಗೆಯ ಒಂದು ದಿನ ಬೆವರಿನ ವಾಸನೆಯಿಂದ ಒಬ್ಬರಿಗೊಬ್ಬರು ಕಷ್ಟಪಡುವಂತಾದಾಗ, ಜುಮಾದ ದಿನ ಸ್ನಾನ ಮಾಡಿ, ಇರುವ ಎಣ್ಣೆ ಹಾಗೂ ಸುಗಂಧದಲ್ಲಿ ಉತ್ತಮವಾದುದನ್ನು ಹಚ್ಚಿಕೊಂಡು ಬರುವಂತೆ ಪ್ರವಾದಿವರ್ಯರು(ಸ) ಸೂಚಿಸಿದರು. ಈ ಹಿನ್ನೆಲೆಯನ್ನು ವಿವರಿಸಿದವರು ಹ. ಇಬ್ನು ಅಬ್ಬಾಸ್(ರ). ಹಸಿ ಬೆಳ್ಳುಳ್ಳಿ, ಈರುಳ್ಳಿ ತಿಂದವರು ಮಸೀದಿಯಿಂದ ದೂರವಿರಲಿ ಎಂಬ ಸೂಚನೆಯೂ ಇದೇ ಭಾವದ್ದು.

ಈ ಎರಡು ಸೂಚನೆಗಳನ್ನು ಜೊತೆಗಿಟ್ಟು ನೋಡಿದರೆ ಒಂದು ತತ್ವ ಸ್ಪಷ್ಟವಾಗುತ್ತದೆ. ಇಸ್ಲಾಮಿನಲ್ಲಿ ಸುಗಂಧದ ಮೊದಲ ಉದ್ದೇಶ ತನ್ನನ್ನು ತಾನು ಸಾರಿಕೊಳ್ಳುವುದಲ್ಲ. ಪಕ್ಕದಲ್ಲಿ ಹೆಗಲಿಗೆ ಹೆಗಲು ತಾಗಿಸಿ ನಿಂತವನಿಗೆ ತೊಂದರೆಯಾಗದಂತೆ, ಸಾಧ್ಯವಾದರೆ ಹಿತವಾಗುವಂತೆ ನಡೆದುಕೊಳ್ಳುವುದು. ಅದು ಸಾಲಿನಲ್ಲಿರುವ ಸಹೋದರನಿಗೆ ಕೊಡುವ ಉಡುಗೊರೆ. ಈ ಮಾತನ್ನು ನೆನಪಿನಲ್ಲಿಟ್ಟುಕೊಂಡು ಮುಂದೆ ಸಾಗೋಣ.

ಸುಗಂಧದ ವ್ಯಾಪಾರದಲ್ಲಿ ಮಹಿಳೆಯರೂ ಇದ್ದರೆಂಬುದಕ್ಕೆ ಇಬ್ನು ಸಅದ್‌ರ ಗ್ರಂಥದಲ್ಲಿರುವ ಒಂದು ಪ್ರಸಂಗ ಸಾಕ್ಷಿ. ಅಬೂಜಹಲನ ತಾಯಿ ಅಸ್ಮಾ ಬಿಂತ್ ಮುಖರ್ರಬಾ, ತಮ್ಮ ಇನ್ನೊಬ್ಬ ಮಗ ಯಮನ್‌ನಿಂದ ಕಳಿಸುತ್ತಿದ್ದ ಸುಗಂಧ ದ್ರವ್ಯವನ್ನು ಹ. ಉಮರ್‌ರ(ರ) ಕಾಲದಲ್ಲಿ ಮದೀನಾದಲ್ಲಿ ಮಾರುತ್ತಿದ್ದರು. ಒಮ್ಮೆ ಹ. ರುಬಯ್ಯಿಅ್ ಬಿಂತ್ ಮುಅವ್ವಿದ್(ರ) ಕೊಳ್ಳಲು ಹೋದಾಗ, ಬದ್ರ್‌ನಲ್ಲಿ ಅಬೂಜಹಲನ ವಧೆಯಲ್ಲಿ ಪಾಲ್ಗೊಂಡವರ ಮನೆತನದವಳು ಈಕೆ ಎಂದು ಹೆಸರಿನಿಂದ ತಿಳಿದು ಆ ತಾಯಿ ಮಾರಲು ಒಪ್ಪಲಿಲ್ಲ. ರುಬಯ್ಯಿಅ್ ಕೂಡ ಬಿಡದೆ, ನಿಮ್ಮ ಸುಗಂಧದಲ್ಲಿ ಸುವಾಸನೆಯೇ ಇಲ್ಲವೆಂದು ಹೇಳಿ ಹಿಂದಿರುಗಿದರು. ಮುಂದೆ ಅವರೇ, ಅದು ಕೋಪದಲ್ಲಿ ಆಡಿದ ಮಾತು, ಅಷ್ಟು ಒಳ್ಳೆಯ ಪರಿಮಳವನ್ನು ತಾನು ಕಂಡಿಲ್ಲವೆಂದು ಹೇಳಿಕೊಂಡರು. ಎದುರಾಳಿಯ ಸರಕಿನ ಗುಣವನ್ನು ಮುಚ್ಚಿಡದ ಆ ಪ್ರಾಮಾಣಿಕತೆ ನಮ್ಮನ್ನು ಇಂದಿಗೂ ಮುಟ್ಟುತ್ತದೆ.

ಮಾದಲದ ಹಣ್ಣಿನ ಉಪಮೆ

ಹುಳಿ ಹಣ್ಣುಗಳ ಪರಿಮಳಕ್ಕೆ ಹದೀಸ್ ಸಾಹಿತ್ಯದಲ್ಲಿ ಅಪೂರ್ವ ಸ್ಥಾನವೊಂದಿದೆ. ಬುಖಾರಿ ಮತ್ತು ಮುಸ್ಲಿಮ್‌ನಲ್ಲಿ ವರದಿಯಾದ ಪ್ರಸಿದ್ಧ ಉಪಮೆಯಲ್ಲಿ ಪ್ರವಾದಿವರ್ಯರು(ಸ) ನಾಲ್ಕು ಬಗೆಯ ಜನರನ್ನು ನಾಲ್ಕು ಸಸ್ಯಗಳಿಗೆ ಹೋಲಿಸಿದರು. ಕುರ್‌ಆನ್ ಓದುವ ಸತ್ಯವಿಶ್ವಾಸಿ 'ಉತ್ರುಜ್ಜ' ಹಣ್ಣಿನಂತೆ, ಅದರ ರುಚಿಯೂ ಒಳ್ಳೆಯದು, ವಾಸನೆಯೂ ಒಳ್ಳೆಯದು. ಕುರ್‌ಆನ್ ಓದದ ಸತ್ಯವಿಶ್ವಾಸಿ ಖರ್ಜೂರದಂತೆ, ರುಚಿಯಿದೆ, ಪರಿಮಳವಿಲ್ಲ. ಕುರ್‌ಆನ್ ಓದುವ ಕಪಟವಿಶ್ವಾಸಿ ರೈಹಾನ್ ಎಂಬ ಸುಗಂಧದ ಗಿಡದಂತೆ, ಪರಿಮಳವಿದೆ, ರುಚಿ ಕಹಿ. ಓದದ ಕಪಟವಿಶ್ವಾಸಿಯಾದರೋ ಕಹಿ ಹಾವುಮೆಕ್ಕೆಯಂತೆ.

ಉತ್ರುಜ್ಜ ಎಂದರೆ ಕಿತ್ತಳೆಯಲ್ಲ, ನಿಂಬೆಯೂ ಅಲ್ಲ. ಅದು ನಮ್ಮಲ್ಲಿ ಮಾದಲ ಎಂದು ಕರೆಯುವ ದಪ್ಪ ಸಿಪ್ಪೆಯ, ಕಡಿಮೆ ರಸದ, ಉಬ್ಬುತಗ್ಗಿನ ಮೈಯ ಹಣ್ಣು. ನೋಟಕ್ಕೆ ಒರಟು. ಆದರೆ ಕೋಣೆಯಲ್ಲಿ ಒಂದನ್ನಿಟ್ಟರೆ ಇಡೀ ಕೋಣೆ ಪರಿಮಳಿಸುತ್ತದೆ. ಇಬ್ನುಲ್ ಖಯ್ಯಿಮ್ (ನಿಧನ ಹಿಜರಿ 751) ತಮ್ಮ 'ಝಾದುಲ್ ಮಆದ್' ಗ್ರಂಥದ ವೈದ್ಯಭಾಗದಲ್ಲಿ ಈ ಹಣ್ಣಿನ ಸಿಪ್ಪೆ, ತಿರುಳು, ಹುಳಿ, ಬೀಜ ಎಂಬ ನಾಲ್ಕೂ ಭಾಗಗಳ ಉಪಯೋಗವನ್ನು ಬೇರೆಬೇರೆಯಾಗಿ ವಿವರಿಸುತ್ತಾರೆ. ಸಿಪ್ಪೆಯನ್ನು ಬಟ್ಟೆಗಳ ನಡುವೆ ಇಟ್ಟರೆ ನುಸಿ ಹಿಡಿಯುವುದಿಲ್ಲವೆಂಬುದು ಅದರಲ್ಲೊಂದು. ಪಾರಸಿಕ ದೊರೆಯೊಬ್ಬ ಕೆಲವು ವೈದ್ಯರನ್ನು ಸೆರೆಯಲ್ಲಿಟ್ಟು, ನಿಮಗೆ ಒಂದೇ ಆಹಾರ, ಆರಿಸಿಕೊಳ್ಳಿ ಎಂದಾಗ ಅವರು ಈ ಹಣ್ಣನ್ನೇ ಕೇಳಿದರೆಂಬ ಕಥೆಯನ್ನೂ ಅವರು ಉಲ್ಲೇಖಿಸುತ್ತಾರೆ. ಕಾರಣ ಕೇಳಿದಾಗ ವೈದ್ಯರು ಕೊಟ್ಟ ಉತ್ತರದ ಸಾರ ಇಷ್ಟು: ನೋಡಿದರೆ ಮನಸ್ಸಿಗೆ ಹರ್ಷ, ಸಿಪ್ಪೆ ಪರಿಮಳ, ತಿರುಳು ಹಣ್ಣು, ಹುಳಿ ವ್ಯಂಜನ, ಬೀಜ ಮದ್ದು.

ಈಗ ಹದೀಸಿನ ಉಪಮೆಗೆ ಮರಳಿದರೆ ಅದರ ಸೂಕ್ಷ್ಮ ತೆರೆದುಕೊಳ್ಳುತ್ತದೆ. ಪರಿಮಳ ಮಾತ್ರ ಇರುವುದು ಶ್ರೇಷ್ಠತೆಯ ಲಕ್ಷಣವಲ್ಲ, ರೈಹಾನ್‌ಗೂ ಪರಿಮಳವಿದೆ. ಮಾದಲ ಶ್ರೇಷ್ಠವಾದದ್ದು ಹೊರಗೆ ಬೀರುವುದೂ ಒಳಗೆ ಇರುವುದೂ ಒಂದೇ ಆಗಿರುವುದರಿಂದ. ಮೂಗಿಗೆ ಕೊಟ್ಟ ಮಾತನ್ನು ಅದು ನಾಲಗೆಯ ಮೇಲೆ ಮುರಿಯುವುದಿಲ್ಲ.

ಇತಿಹಾಸಕಾರ ಮಸ್ಊದಿ (ನಿಧನ 956) ಹೇಳುವ ಒಂದು ಸಂಗತಿ ನಮ್ಮ ನೆಲದವರಿಗೆ ವಿಶೇಷವಾದುದು. ನಾರಂಜ್ ಎಂಬ ಕಿತ್ತಳೆ ಜಾತಿಯ ಹಣ್ಣು ಮತ್ತು ದುಂಡು ಮಾದಲವನ್ನು ಹಿಜರಿ 300ರ ನಂತರ ಹಿಂದ್‌ನಿಂದ ತಂದು ಮೊದಲು ಒಮಾನ್‌ನಲ್ಲಿ, ಬಳಿಕ ಬಸ್ರಾ, ಇರಾಕ್, ಶಾಮ್‌ಗಳಲ್ಲಿ ಬೆಳೆಸಲಾಯಿತೆಂದು ಅವರು ಬರೆದಿದ್ದಾರೆ. ಆದರೆ ಹಿಂದ್‌ನ ಆ ಹವೆ, ಆ ಮಣ್ಣು, ಆ ನೀರು ಇಲ್ಲದ್ದರಿಂದ ಅವು ತಮ್ಮ ಮೂಲದ ಸುವಾಸನೆಯನ್ನೂ ಚೆಲುವಾದ ಬಣ್ಣವನ್ನೂ ಕಳೆದುಕೊಂಡವೆಂದೂ ಹೇಳಿದ್ದಾರೆ. ಸಂಸ್ಕೃತದ 'ನಾರಂಗ' ಪಾರಸಿಯಲ್ಲಿ 'ನಾರಂಗ್' ಆಗಿ, ಅರಬಿಯಲ್ಲಿ 'ನಾರಂಜ್' ಆಗಿ, ಮುಸ್ಲಿಮ್ ಸ್ಪೇನ್‌ನ ಮೂಲಕ ಸ್ಪೇನಿನ ಭಾಷೆಯಲ್ಲಿ 'ನಾರಾಂಹಾ' ಆಯಿತು. ಇಂಗ್ಲಿಷರ 'ಆರೆಂಜ್' ಈ ಪಯಣದ ಕೊನೆಯ ನಿಲ್ದಾಣ.

ಮಸಾಲೆ ಮತ್ತು ಮರದ ಹಾದಿ

ಪವಿತ್ರ ಕುರ್‌ಆನ್ ಸ್ವರ್ಗದ ಪಾನೀಯಗಳನ್ನು ವರ್ಣಿಸುವಾಗ ಮೂರು ಪರಿಮಳಗಳನ್ನು ಹೆಸರಿಸುತ್ತದೆ. ಅಲ್-ಇನ್ಸಾನ್ ಅಧ್ಯಾಯದಲ್ಲಿ ಕರ್ಪೂರ (76:5) ಮತ್ತು ಶುಂಠಿ (76:17), ಅಲ್-ಮುತಫ್ಫಿಫೀನ್ ಅಧ್ಯಾಯದಲ್ಲಿ ಕಸ್ತೂರಿಯ ಮುದ್ರೆ (83:26). ಕರ್ಪೂರ ತಂಪು, ಶುಂಠಿ ಬಿಸಿ, ಕಸ್ತೂರಿ ದೀರ್ಘಕಾಲ ಉಳಿಯುವಂಥದು. ಸ್ವರ್ಗದ ವಸ್ತುಗಳು ಈ ಲೋಕದವುಗಳೊಂದಿಗೆ ಹೆಸರನ್ನಷ್ಟೇ ಹಂಚಿಕೊಂಡಿವೆ ಎಂಬುದು ವಿದ್ವಾಂಸರ ಮಾತು. ಆದರೂ ಈ ಹೆಸರುಗಳನ್ನು ಕೇಳಿದ ಅರಬರಿಗೆ ಅವು ದೂರದ ನಾಡುಗಳಿಂದ ಹಡಗಿನಲ್ಲೂ ಒಂಟೆಯ ಮೇಲೂ ಬರುತ್ತಿದ್ದ ಅಮೂಲ್ಯ ಸರಕುಗಳೆಂಬುದು ಗೊತ್ತಿತ್ತು. ಮುಂದಿನ ಶತಮಾನಗಳ ಅರಬಿ ಬರಹಗಾರರು ಈ ಸರಕುಗಳ ಊರುಗಳನ್ನೆಲ್ಲ ವಿವರಿಸಿದ್ದಾರೆ. ಉತ್ತಮ ಕರ್ಪೂರ ಸುಮಾತ್ರಾದ ಫನ್ಸೂರ್‌ನದು, ಕಸ್ತೂರಿ ಟಿಬೆಟ್‌ನದು, ಅಂಬರ್ ಯಮನ್‌ನ ಶಿಹ್ರ್ ತೀರದ್ದು, ಚಂದನ ಮತ್ತು ಮೆಣಸು ಹಿಂದ್‌ನವು.

ಮರಗಳಲ್ಲಿ ಊದ್‌ನ ಕಥೆ ವಿಚಿತ್ರವಾದುದು. ಅಸ್ಸಾಮ್‌ನಿಂದ ಆಗ್ನೇಯ ಏಷ್ಯಾದವರೆಗೆ ಬೆಳೆಯುವ ಈ ಮರ ಆರೋಗ್ಯವಾಗಿದ್ದಾಗ ಅದಕ್ಕೆ ಹೇಳಿಕೊಳ್ಳುವಂತಹ ಪರಿಮಳವೇ ಇಲ್ಲ. ಗಾಯವಾಗಿ, ಗಾಯದೊಳಕ್ಕೆ ಶಿಲೀಂಧ್ರ ಹೊಕ್ಕಾಗ, ಮರ ತನ್ನನ್ನು ಕಾಪಾಡಿಕೊಳ್ಳಲು ಕಪ್ಪು ರಾಳವನ್ನು ಸುರಿಸುತ್ತದೆ. ವರ್ಷಗಟ್ಟಲೆ ಕಾದ ಆ ನೋವಿನ ಭಾಗವೇ ಊದ್. ಶ್ರೀಗಂಧದ ಮರವೂ ಹೀಗೆಯೇ ತಾಳ್ಮೆ ಬೇಡುವಂಥದು. ಇತರ ಗಿಡಗಳ ಬೇರುಗಳಿಂದ ಪೋಷಣೆ ಪಡೆದು ಬೆಳೆಯುವ ಅದರ ಹೊರ ಮರಕ್ಕೆ ಪರಿಮಳವಿಲ್ಲ, ದಶಕಗಳ ನಂತರ ಬಲಿಯುವ ಚೇಗು ಮತ್ತು ಬೇರಿನಲ್ಲಷ್ಟೇ ಎಣ್ಣೆ ತುಂಬಿರುತ್ತದೆ.

ಈ ಸರಕುಗಳು ಸಾಗಿದ ಸಮುದ್ರದಾರಿಯಲ್ಲಿ ಮಂಗಳೂರು ಮುಖ್ಯ ಬಂದರಾಗಿತ್ತು. 12ನೆಯ ಶತಮಾನದಲ್ಲಿ ಟ್ಯುನೀಶಿಯಾದ ಮಹದಿಯ್ಯಾ ಮೂಲದ ಅಬ್ರಹಾಮ್ ಬೆನ್ ಯಿಜು ಎಂಬ ಯಹೂದಿ ವರ್ತಕ ಸುಮಾರು 17 ವರ್ಷ ಮಂಗಳೂರಿನಲ್ಲಿ ನೆಲೆಸಿ ಏಡನ್‌ನ ವರ್ತಕರೊಡನೆ ಮೆಣಸು, ಶುಂಠಿ, ಏಲಕ್ಕಿಗಳ ವ್ಯವಹಾರ ನಡೆಸಿದ. ಅವನ ಪತ್ರಗಳು ಕೈರೋದ ಯಹೂದಿ ಪ್ರಾರ್ಥನಾಲಯವೊಂದರಲ್ಲಿ ಉಳಿದು ನಮ್ಮ ಕಾಲಕ್ಕೆ ದೊರೆತಿವೆ. ಎರಡು ಶತಮಾನಗಳ ನಂತರ, 1342ರ ಸುಮಾರಿಗೆ, ಪ್ರವಾಸಿ ಇಬ್ನು ಬತೂತಾ ಮಂಗಳೂರಿಗೆ ಬಂದಾಗ ಇಲ್ಲಿ ಮೆಣಸು ಮತ್ತು ಶುಂಠಿಯ ಸಮೃದ್ಧಿಯನ್ನು ಕಂಡರು. ಪಾರಸ್ ಮತ್ತು ಯಮನ್‌ನ ವರ್ತಕರಲ್ಲಿ ಹೆಚ್ಚಿನವರು ಇಳಿಯುವುದು ಇಲ್ಲೇ ಎಂದು ಬರೆದರು. ಪಟ್ಟಣದ ಪಕ್ಕದಲ್ಲಿ ಸುಮಾರು 4,000 ಮುಸ್ಲಿಮರು ವಾಸಿಸುತ್ತಿದ್ದುದನ್ನೂ ಅವರಿಗೊಬ್ಬ ಶಾಫಿಈ ಖಾಝಿ ಇದ್ದುದನ್ನೂ ದಾಖಲಿಸಿದರು. ವ್ಯಾಪಾರದ ಅಗತ್ಯ, ನಂಬಿಕೆ ಮತ್ತು ಆತಿಥ್ಯಗಳು ಬೇರೆಬೇರೆ ಧರ್ಮದವರನ್ನು ಒಂದೇ ಬಂದರಿನಲ್ಲಿ ಕೂಡಿಸಿದ್ದವು.

ವಿದ್ಯೆಯಾದ ಸುಗಂಧ

ಅಬ್ಬಾಸಿಗಳ ಬಗ್ದಾದ್‌ನಲ್ಲಿ ಸುಗಂಧವು ಶಾಸ್ತ್ರವಾಗಿ ಬೆಳೆಯಿತು. ತತ್ವಜ್ಞಾನಿಯೆಂದು ಹೆಸರಾದ ಅಲ್-ಕಿಂದಿ (ನಿಧನ ಸುಮಾರು 873) ಅವರ ಹೆಸರಿನಲ್ಲಿರುವ, ಸುಗಂಧದ ರಸಾಯನ ಮತ್ತು ಭಟ್ಟಿ ಇಳಿಸುವಿಕೆಯ ಕುರಿತ ಗ್ರಂಥದಲ್ಲಿ ನೂರಕ್ಕೂ ಹೆಚ್ಚು ವಿಧಾನಗಳಿವೆ. ಕಸ್ತೂರಿ ಮತ್ತು ಅಂಬರ್‌ಗಳನ್ನು ಎಣ್ಣೆಯಲ್ಲಿ ಬೆರೆಸಿ ತಯಾರಿಸುತ್ತಿದ್ದ 'ಗಾಲಿಯಾ' ಆ ಕಾಲದ ಅತ್ಯಂತ ದುಬಾರಿ ಸುಗಂಧ. 'ಗಾಲಿಯಾ' ಎಂಬ ಪದದ ಅರ್ಥವೇ ಬೆಲೆಯುಳ್ಳದ್ದು. ಪಾರಸ್‌ನ ಜೂರ್ ಪಟ್ಟಣದ ಪನ್ನೀರು ದೂರ ದೇಶಗಳಿಗೆ ಹೋಗುತ್ತಿತ್ತು. ಇಬ್ನು ಖಲ್ದೂನ್‌ರು ತಮ್ಮ 'ಮುಖದ್ದಿಮ'ದಲ್ಲಿ ಉದ್ಧರಿಸಿದ ಅಬ್ಬಾಸೀ ಕಂದಾಯದ ಪಟ್ಟಿಯಲ್ಲಿ ಪಾರಸ್ ಪ್ರಾಂತ್ಯ ಕೊಡಬೇಕಾದುದರಲ್ಲಿ 30,000 ಸೀಸೆ ಪನ್ನೀರೂ ಸೇರಿದೆ.

ಬೆಲೆ ಹೆಚ್ಚಿದಂತೆ ಮೋಸವೂ ಹೆಚ್ಚಿತು. ಮಾರುಕಟ್ಟೆಯ ಮೇಲ್ವಿಚಾರಕನಾದ ಮುಹ್ತಸಿಬ್‌ಗಾಗಿ ಬರೆದ ಕೈಪಿಡಿಗಳಲ್ಲಿ ಅತ್ತರ್ ವರ್ತಕರ ಕಲಬೆರಕೆಗೆ ಪ್ರತ್ಯೇಕ ಸ್ಥಾನವಿದೆ. 12ನೆಯ ಶತಮಾನದ ಶೈಝರಿಯವರ ಕೈಪಿಡಿಯಲ್ಲಿ ಕಸ್ತೂರಿ, ಅಂಬರ್, ಕರ್ಪೂರ, ಕೇಸರಿಗಳ ಕಲಬೆರಕೆಯನ್ನು ಪತ್ತೆಹಚ್ಚುವ ವಿವರಗಳಿವೆ. ಮಳೆಗೆ ನೆನೆದ ಧಾನ್ಯವನ್ನು ಒಣ ಧಾನ್ಯದ ಅಡಿಯಲ್ಲಿಟ್ಟು ಮಾರುತ್ತಿದ್ದವನಿಗೆ ಪ್ರವಾದಿವರ್ಯರು(ಸ) ಕೊಟ್ಟ ಎಚ್ಚರಿಕೆ, ವಂಚಿಸುವವನು ನಮ್ಮವನಲ್ಲವೆಂಬ ಆ ಮಾತು, ಈ ಕೈಪಿಡಿಗಳ ಬೆನ್ನೆಲುಬು. ಇಂದು ರಾಸಾಯನಿಕ ದ್ರವವನ್ನು ಶುದ್ಧ ಊದ್ ಎಂದು, ಬಣ್ಣದ ಎಣ್ಣೆಯನ್ನು ಅಪ್ಪಟ ಕಸ್ತೂರಿ ಎಂದು ಹೇಳಿ, ಅದೂ ಸುನ್ನತ್ತಿನ ಹೆಸರು ಹಿಡಿದು ಮಾರುವವರು ಈ ಹದೀಸನ್ನು ನೆನಪಿಸಿಕೊಳ್ಳುವುದು ಒಳಿತು. ಕೃತಕ ದ್ರವ್ಯವನ್ನು ಮಾರುವುದು ತಪ್ಪಲ್ಲ, ಅದನ್ನು ಸಹಜವೆಂದು ಹೇಳಿ ಮಾರುವುದು ತಪ್ಪು.

ಕನ್ನಡ ನೆಲದ ಪರಿಮಳ

ಸುಗಂಧವನ್ನು ಬೆರೆಸುವ ವಿದ್ಯೆ ಮುಸ್ಲಿಮರು ಈ ನಾಡಿಗೆ ತಂದದ್ದೆಂದು ಹೇಳಿದರೆ ಅದು ಅನ್ಯಾಯವಾದೀತು. ಸುಮಾರು 1025ರಲ್ಲಿ ಚಾವುಂಡರಾಯ ಕನ್ನಡದಲ್ಲಿ ಬರೆದ 'ಲೋಕೋಪಕಾರ'ದಲ್ಲಿ ಸುಗಂಧ ದ್ರವ್ಯಗಳ ತಯಾರಿಕೆಗೆ ಮೀಸಲಾದ ಭಾಗವಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'ವೂ ರಾಜನ ಭೋಗಗಳಲ್ಲಿ ಲೇಪನ, ಧೂಪಗಳನ್ನು ವಿವರಿಸುತ್ತದೆ. ಅರಬರು, ಪಾರಸಿಕರು ಬಂದದ್ದು ಪರಿಮಳವಿಲ್ಲದ ನಾಡಿಗಲ್ಲ. ಅವರ ವಿದ್ಯೆ ಇಲ್ಲಿಯ ವಿದ್ಯೆಯೊಂದಿಗೆ ಬೆರೆಯಿತು. ಬಿಜಾಪುರದ ಎರಡನೆಯ ಇಬ್ರಾಹೀಮ್ ಆದಿಲ್ ಶಾಹ್ (ಆಳ್ವಿಕೆ 1580ರಿಂದ 1627) ಕಾಲದಲ್ಲಿ 'ಇತ್ರೆ ನೌರಸ್ ಶಾಹೀ' ಎಂಬ ಪಾರಸಿ ಗ್ರಂಥ ರಚಿತವಾಯಿತು. ಅದರ ವಿಷಯವೇ ಸುಗಂಧ. 'ನೌರಸ್' ಎಂದರೆ ಭಾರತೀಯ ಕಲಾಮೀಮಾಂಸೆಯ ನವರಸ. ಪಾರಸಿ ಭಾಷೆ, ಅರಬಿ ಮೂಲದ 'ಇತ್ರ್' ಮತ್ತು ಭಾರತದ ರಸಸಿದ್ಧಾಂತ, ಇವೆಲ್ಲ ಒಂದೇ ಶೀರ್ಷಿಕೆಯಲ್ಲಿ ಕೂಡಿದ್ದು ನಮ್ಮ ವಿಜಯಪುರದ ನೆಲದಲ್ಲಿ.

ಇದೇ ಬೆರಕೆಯನ್ನು ಉತ್ತರದಲ್ಲೂ ಕಾಣಬಹುದು. ಅಬುಲ್ ಫಝ್ಲ್‌ನ 'ಆಯೀನೆ ಅಕ್ಬರೀ'ಯಲ್ಲಿ ಅಕ್ಬರನ ಖುಷ್ಬೂಖಾನೆಯ ವಿವರವೂ ಸುಗಂಧಗಳ ಪಾಕವಿಧಾನಗಳೂ ಇವೆ. ಗುಲಾಬಿಯ ಅತ್ತರನ್ನು ಕಂಡುಹಿಡಿದ ಶ್ರೇಯವನ್ನು ಜಹಾಂಗೀರ್ ತನ್ನ ಆತ್ಮಕಥೆಯಲ್ಲಿ ನೂರ್‌ಜಹಾನಳ ತಾಯಿ ಅಸ್ಮತ್ ಬೇಗಮ್‌ಗೆ ಕೊಡುತ್ತಾನೆ. ಕನೌಜ್‌ನಲ್ಲಿ ಇಂದಿಗೂ 'ದೇಗ್' ಎಂಬ ತಾಮ್ರದ ಹಂಡೆಯಲ್ಲಿ ಹೂವು, ಮಸಾಲೆಗಳನ್ನು ನೀರಿನೊಂದಿಗೆ ಕಾಯಿಸಿ, ಬಿದಿರಿನ ನಳಿಗೆಯ ಮೂಲಕ ಹಬೆಯನ್ನು 'ಭಪ್ಕಾ' ಎಂಬ ಪಾತ್ರೆಗೆ ಇಳಿಸುತ್ತಾರೆ. ಆ ಪಾತ್ರೆಯಲ್ಲಿ ಹಬೆಯ ಪರಿಮಳವನ್ನು ಹೀರಿಕೊಳ್ಳಲು ಕಾದಿರುವುದು ಸಾಂಪ್ರದಾಯಿಕವಾಗಿ ಶ್ರೀಗಂಧದ ಎಣ್ಣೆ. ಲವಂಗ, ಏಲಕ್ಕಿ, ಜಾಯಿಕಾಯಿ ಮುಂತಾದ ಹತ್ತಾರು ಮಸಾಲೆಗಳು ಸೇರುವ 'ಶಮಾಮಾ' ಎಂಬ ಅತ್ತರಿಗೂ ತಳಹದಿ ಗಂಧವೇ. ಉತ್ತರದ ಮಸಾಲೆಯ ಅತ್ತರನ್ನು ದಕ್ಷಿಣದ ಮರ ಹೊತ್ತುಕೊಂಡಿತು.

ಮೈಸೂರು ಸೀಮೆಯ ಗಂಧಕ್ಕೆ ರಾಜಕೀಯ ಇತಿಹಾಸವೂ ಇದೆ. ಟಿಪ್ಪು ಸುಲ್ತಾನ್ ಮಸ್ಕತ್‌ನಲ್ಲಿ ವ್ಯಾಪಾರ ಕೋಠಿಯೊಂದನ್ನು ನಡೆಸುತ್ತಿದ್ದರು. ಕರಾವಳಿಯಿಂದ ಗಂಧದ ಮರ, ಮೆಣಸು, ಏಲಕ್ಕಿ, ಅಕ್ಕಿ ಅಲ್ಲಿಗೆ ಹೋಗುತ್ತಿದ್ದವು. ಅಲ್ಲಿಯ ಪ್ರತಿನಿಧಿಗೆ ಅವರು ಬರೆಸಿದ ಪತ್ರಗಳು ಉಳಿದಿವೆ. 1792ರಲ್ಲಿ ಅವರು ಶ್ರೀಗಂಧವನ್ನು ರಾಜವೃಕ್ಷವೆಂದು ಘೋಷಿಸಿದರು, ಮರ ಯಾರ ಜಮೀನಿನಲ್ಲಿದ್ದರೂ ಅದು ಸರಕಾರದ್ದಾಯಿತು. ಮುಂದೆ ಒಡೆಯರ ಕಾಲದಲ್ಲೂ ಸ್ವಾತಂತ್ರ್ಯದ ನಂತರವೂ ಈ ಹಿಡಿತ ಮುಂದುವರಿಯಿತು. ಮೊದಲ ಮಹಾಯುದ್ಧದಿಂದ ಯುರೋಪಿಗೆ ಗಂಧದ ಮರದ ರಫ್ತು ನಿಂತು ದಾಸ್ತಾನು ಉಳಿದಾಗ, ನಾಲ್ವಡಿ ಕೃಷ್ಣರಾಜ ಒಡೆಯರು ಮತ್ತು ದಿವಾನ್ ವಿಶ್ವೇಶ್ವರಯ್ಯನವರ ಕಾಲದ ಮೈಸೂರು ಸಂಸ್ಥಾನ 1916ರಲ್ಲಿ ಗಂಧದೆಣ್ಣೆ ತೆಗೆಯುವ ಕೆಲಸವನ್ನು ತಾನೇ ಆರಂಭಿಸಿತು. ಮೈಸೂರು ಸ್ಯಾಂಡಲ್ ಸೋಪು ಅದರ ಫಲ. 2001ರ ಕಾನೂನು ತಿದ್ದುಪಡಿಯ ನಂತರವಷ್ಟೇ ಕರ್ನಾಟಕದ ರೈತ ತನ್ನ ಹೊಲದ ಗಂಧದ ಮರಕ್ಕೆ ಒಡೆಯನಾದ. ಅತಿಯಾದ ಕಡಿತ ಮತ್ತು ಕಳ್ಳಸಾಗಣೆಯಿಂದ ಕಾಡಿನ ಗಂಧ ಈ ನಡುವೆ ಬಹಳ ಕ್ಷೀಣಿಸಿತ್ತು. ನಾವು ಪ್ರೀತಿಸುವ ಪರಿಮಳದ ಬೇರನ್ನು ನಾವೇ ಕಿತ್ತುಹಾಕಿದ ಕಥೆಯೂ ಇದೇ ಇತಿಹಾಸದ ಭಾಗ.

ಅಧಿಕಾರ ಮತ್ತು ಪರಿಮಳ

ಈಗ ಮೊದಲಿನ ಪ್ರಶ್ನೆಗೆ ಬರೋಣ. ಒಬ್ಬನ ಸುಗಂಧ ಅವನ ಸ್ವಭಾವವನ್ನು ತೋರಿಸುತ್ತದೆಯೇ?

ಹ. ಉಮರ್ ಬಿನ್ ಅಬ್ದುಲ್ ಅಝೀಝ್‌ರ(ರ) ಬದುಕು ಇದಕ್ಕೆ ಉತ್ತರ ನೀಡುತ್ತದೆ. ಉಮವೀ ರಾಜಮನೆತನದಲ್ಲಿ ಬೆಳೆದ ಅವರು ಮದೀನಾದ ರಾಜ್ಯಪಾಲರಾಗಿದ್ದಾಗ ಅವರಷ್ಟು ಸೊಗಸುಗಾರ ಇನ್ನೊಬ್ಬರಿರಲಿಲ್ಲ. ಅವರು ಹಾದುಹೋದ ಬೀದಿಯಲ್ಲಿ ಪರಿಮಳ ಉಳಿಯುತ್ತಿತ್ತೆಂದೂ, ಅವರ ಬಟ್ಟೆಯೊಂದಿಗೆ ತಮ್ಮ ಬಟ್ಟೆಯನ್ನೂ ಒಗೆಯಲೆಂದು ಜನ ಅಗಸರಿಗೆ ಹಣ ಕೊಡುತ್ತಿದ್ದರೆಂದೂ ಚರಿತ್ರೆಕಾರರು ಬರೆದಿದ್ದಾರೆ. ದಿಟ್ಟ ಪರಿಮಳವೆಂದು ಇಂದು ಹೇಳುವುದು ಅದನ್ನೇ. ಹಿಜರಿ 99ರಲ್ಲಿ ಖಲೀಫರಾದೊಡನೆ ಅವರು ಅದೆಲ್ಲವನ್ನೂ ತ್ಯಜಿಸಿದರು. ಒಮ್ಮೆ ಬೈತುಲ್ ಮಾಲ್‌ಗೆ ಸೇರಿದ ಕಸ್ತೂರಿಯನ್ನು ಅವರ ಮುಂದೆ ತೂಗುತ್ತಿದ್ದಾಗ ಅವರು ಮೂಗು ಮುಚ್ಚಿಕೊಂಡರು. ಇದೇಕೆಂದು ಕೇಳಿದವರಿಗೆ, ಕಸ್ತೂರಿಯಿಂದ ಸಿಗುವ ಲಾಭ ಅದರ ವಾಸನೆಯೇ ಅಲ್ಲವೇ ಎಂದು ಮರುಪ್ರಶ್ನೆ ಹಾಕಿದರು.

ಅವರ ಮುತ್ತಜ್ಜ ಹ. ಉಮರುಲ್ ಫಾರೂಖ್(ರ) ಕೂಡ ಇದೇ ದಾರಿಯಲ್ಲಿ ನಡೆದವರು. ಬಹ್ರೈನ್‌ನಿಂದ ಬಂದ ಕಸ್ತೂರಿಯನ್ನು ಮುಸ್ಲಿಮರಿಗೆ ಹಂಚಲು ಸರಿಯಾಗಿ ತೂಗುವವರು ಬೇಕೆಂದಾಗ ಅವರ ಪತ್ನಿ, ತನಗೆ ತೂಗಲು ಚೆನ್ನಾಗಿ ಬರುತ್ತದೆಂದು ಮುಂದೆ ಬಂದರು. ಉಮರ್(ರ) ಒಪ್ಪಲಿಲ್ಲ. ಬೆರಳಿಗೆ ಅಂಟಿದ್ದನ್ನು ನೀನು ಕತ್ತಿಗೆ ಸವರಿಕೊಂಡರೆ ಆ ಇಷ್ಟು ಪಾಲು ಇತರರಿಗಿಂತ ನಮಗೆ ಹೆಚ್ಚು ಸಂದಂತಾಗುತ್ತದೆ ಎಂಬುದು ಅವರ ಭಯ.

ಸಾರ್ವಜನಿಕ ಹಣದ ವಾಸನೆ ಕೂಡ ಖಾಸಗಿಯಾಗಿ ತಮ್ಮದಾಗಬಾರದೆಂಬ ಈ ಎಚ್ಚರ ಯಾವ ಸೀಸೆಯಲ್ಲೂ ದೊರೆಯದು. ಮಸೀದಿಯ, ಮದ್ರಸದ, ಜಮಾಅತಿನ, ವಕ್ಫ್‌ನ ಹಣವನ್ನು ನೋಡಿಕೊಳ್ಳುವ ನಮ್ಮೆಲ್ಲರಿಗೂ ಈ ಎರಡು ಪ್ರಸಂಗಗಳು ಅಳತೆಗೋಲು. ದಿಟ್ಟತನವೆಂದರೆ ಬೀದಿಯ ತುಂಬ ಹರಡುವ ಪರಿಮಳವಲ್ಲ, ತನ್ನ ಮುಂದಿರುವ ಕಸ್ತೂರಿಗೆ ಮೂಗು ಮುಚ್ಚಿಕೊಳ್ಳಬಲ್ಲ ಮನಸ್ಸು.

ನಾವು ಹಚ್ಚಿಕೊಳ್ಳಬೇಕಾದುದು

ಇದರಿಂದ ಸುಗಂಧವನ್ನು ಬಿಟ್ಟುಬಿಡಬೇಕೆಂದು ತೀರ್ಮಾನಿಸಬಾರದು. ಅದು ಸುನ್ನತ್. ಹಝ್ರತ್ ಉಮರ್ ದ್ವಯರು ನಿರಾಕರಿಸಿದ್ದು ಸುಗಂಧವನ್ನಲ್ಲ, ತಮ್ಮದಲ್ಲದ ಸುಗಂಧವನ್ನು. ಆದರೆ ಕೆಲವು ಮಾತುಗಳನ್ನು ಮನೆಯಲ್ಲಿ ಹಿರಿಯರು, ಕಿರಿಯರು ಕೂಡಿ ಆಲೋಚಿಸಬಹುದು. ತಂದೆ ಕೊಲ್ಲಿಯಲ್ಲಿ ಬೆವರು ಸುರಿಸಿ ಕಳಿಸಿದ ಹಣದಲ್ಲಿ ಮಗ ಸಾವಿರಾರು ರೂಪಾಯಿಯ ಸೀಸೆಗಳನ್ನು ಸಾಲಾಗಿ ಜೋಡಿಸಿದರೆ ಅದು ಸುನ್ನತ್ತೋ ದುಂದುವೆಚ್ಚವೋ ಎಂದು ಅವನೇ ಕೇಳಿಕೊಳ್ಳಲಿ. ನಮಾಝಿನ ಸಾಲಿನಲ್ಲಿ ನಿಂತ ಉಬ್ಬಸದ ರೋಗಿಗೆ ನಮ್ಮ ಪರಿಮಳ ಕೆಮ್ಮು ತರಿಸಿದರೆ, ಯಾವ ಕಾರಣಕ್ಕೆ ಸುಗಂಧವನ್ನು ಸೂಚಿಸಲಾಯಿತೋ ಆ ಕಾರಣವನ್ನೇ ನಾವು ಸೋಲಿಸಿದಂತೆ. ಆಲ್ಕೊಹಾಲ್ ಬೆರೆತ ಪರ್ಫ್ಯೂಮ್‌ಗಳ ವಿಷಯದಲ್ಲಿ ವಿದ್ವಾಂಸರ ನಡುವೆ ಅಭಿಪ್ರಾಯಭೇದವಿದೆ. ಅವರವರ ಮದ್‌ಹಬ್‌ನ ಉಲಮಾಗಳನ್ನು ಕೇಳಿ ನಡೆಯುವುದು ಸರಿ, ಆದರೆ ಅದನ್ನು ಹಿಡಿದು ಪಕ್ಕದವನನ್ನು ಹೀಗಳೆಯುವುದು ಸರಿಯಲ್ಲ. ಮಹಿಳೆಯರ ಸುಗಂಧಕ್ಕೆ ಮನೆಯ ಒಳಗೆ ಮತ್ತು ಹೊರಗೆ ಶರೀಅತ್ ತೋರಿಸಿದ ವ್ಯತ್ಯಾಸವನ್ನು ಹೇಳುವ ಪುರುಷರು, ತಮ್ಮ ಬೆವರಿನ ಬಟ್ಟೆಯ ಬಗ್ಗೆ ಮನೆಯವರಿಗೂ ಹಕ್ಕಿದೆ ಎಂಬುದನ್ನು ಮರೆಯದಿರಲಿ.

ಹಣ್ಣು, ಮಸಾಲೆ, ಮರಗಳ ಪರಿಮಳ ಒಂದೇ ವೇಗದಲ್ಲಿ ಹೋಗುವುದಿಲ್ಲ. ಸಿಪ್ಪೆಯ ಎಣ್ಣೆ ಹಗುರವಾದ್ದರಿಂದ ನಿಮಿಷಗಳಲ್ಲಿ ಆರಿಹೋಗುತ್ತದೆ. ಮಸಾಲೆ ಇನ್ನಷ್ಟು ಹೊತ್ತು ನಿಲ್ಲುತ್ತದೆ. ಮರದ ಎಣ್ಣೆ ಭಾರವಾದುದು, ತಡವಾಗಿ ಮಾತಾಡಿ ತಡವಾಗಿ ಮೌನವಾಗುತ್ತದೆ. ಮನುಷ್ಯರ ನಡತೆಯೂ ಹೀಗೆಯೇ. ಮೊದಲ ಭೇಟಿಯ ನಗು, ಮಾತಿನ ಚುರುಕು ಬೇಗ ಮುಗಿಯುತ್ತವೆ. ನೆರೆಮನೆಯವನಿಗೆ, ಪಾಲುದಾರನಿಗೆ, ಹೆಂಡತಿ ಮಕ್ಕಳಿಗೆ ತಿಳಿಯುವುದು ಕೊನೆಗೆ ಉಳಿಯುವ ಗುಣ. ಸಜ್ಜನನ ಗೆಳೆತನವನ್ನು ಕಸ್ತೂರಿ ಮಾರುವವನಿಗೂ ದುರ್ಜನನದನ್ನು ಕಮ್ಮಾರನ ತಿದಿಗೂ ಪ್ರವಾದಿವರ್ಯರು(ಸ) ಹೋಲಿಸಿದ್ದು ಇದೇ ಅರ್ಥದಲ್ಲಿ. ಕಸ್ತೂರಿ ಮಾರುವವನಿಂದ ನಾವೇನೂ ಕೊಳ್ಳದಿದ್ದರೂ ಪರಿಮಳವನ್ನಂತೂ ಪಡೆದು ಬರುತ್ತೇವೆ.

ಈ ನೆಲದ ನೆರೆಹೊರೆಯವರು ನಮ್ಮ ಬಳಿಯಿಂದ ಎದ್ದುಹೋಗುವಾಗ ಏನನ್ನು ಕೊಂಡೊಯ್ಯುತ್ತಾರೆ? ಶತಮಾನಗಳ ಹಿಂದೆ ಅರಬಿ ವರ್ತಕ ಮಂಗಳೂರಿನಲ್ಲಿ ಇಳಿದಾಗ ಅವನ ಬಳಿ ಇಲ್ಲಿಯವರಿಗೆ ಬೇಕಾದ ಸರಕಿತ್ತು, ಅದಕ್ಕಿಂತ ಹೆಚ್ಚಾಗಿ ತೂಕದಲ್ಲಿ ಮೋಸ ಮಾಡದಿರುವ ಹೆಸರು ಅವನಿಗೆ ಬೇಕಿತ್ತು. ನಮಗೂ ಬೇಕಾದುದು ಅದೇ. ಅಲ್ಲಾಹನು ನಮ್ಮನ್ನು ಮಾದಲದ ಹಣ್ಣಿನಂತೆ ಒಳಗೂ ಹೊರಗೂ ಒಂದೇ ಆಗಿರುವವರ ಸಾಲಿನಲ್ಲಿ ಸೇರಿಸಲಿ. ಆಮೀನ್.